ಫೋಲಿಕ್ ಆಸಿಡ್ ಮಾತ್ರೆ ಮದುವೆಮನೆಗೆ ತಲುಪಲಿ: ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ, ಹಾಗೂ ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,

ನಮಸ್ಕಾರಗಳು.

ಫೋಲಿಕ್ ಆಸಿಡ್ ಎಂಬ ವಿಟಮಿನ್ನಿನ ಮಾತ್ರೆಯ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ನಾನು ಹಾವೇರಿ ಕಡೆಯ ಹಳ್ಳಿಗಳಲ್ಲಿ ಉಪಕೇಂದ್ರದ ಸಿಸ್ಟರ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಈ ಚಿಕ್ಕ ಮಾತ್ರೆಯನ್ನು ಎಷ್ಟೋ ಗರ್ಭಿಣಿಯರ ಕೈಗೆ ಕೊಟ್ಟಿದ್ದೇನೆ. ಇಷ್ಟು ಅಗ್ಗದ ಔಷಧಿ ಆರೋಗ್ಯ ಇಲಾಖೆಯಲ್ಲಿ ಇನ್ನೊಂದಿಲ್ಲ ಅಂದರೂ ತಪ್ಪಾಗಲಾರದು. ಆದರೆ ಅದು ಹೆಣ್ಣುಮಕ್ಕಳ ಕೈಗೆ ಸಿಗುವ ಹೊತ್ತಿಗೆ, ಅದು ಮಾಡಬೇಕಾದ ಎಲ್ಲಕ್ಕಿಂತ ದೊಡ್ಡ ಕೆಲಸದ ಸಮಯ ಮುಗಿದುಹೋಗಿರುತ್ತದೆ. ಇದನ್ನು ತಮ್ಮ ಗಮನಕ್ಕೆ ತರಬೇಕು ಅಂತಲೇ ಕೂತು ಬರೆದಿದ್ದೇನೆ.

ದಿನಗಳ ಲೆಕ್ಕ ನೋಡಿ. ಗರ್ಭ ಕಟ್ಟಿದ ಮೂರನೇ ವಾರದಲ್ಲಿ ಮಗುವಿನ ಮೆದುಳು ಮತ್ತು ಬೆನ್ನುಹುರಿ ಆಗಬೇಕಾದ ಜಾಗ ಒಂದು ಚಪ್ಪಟೆ ಪದರದಂತೆ ಇರುತ್ತದೆ. ಹಾಸಿದ ಚಾಪೆಯ ಎರಡು ಅಂಚು ಮೇಲಕ್ಕೆದ್ದು ಒಂದಕ್ಕೊಂದು ಸೇರಿದ ಹಾಗೆ ಆ ಪದರ ಮಡಚಿಕೊಂಡು ನಾಳವಾಗುತ್ತದೆ. ಇದನ್ನು ನರನಾಳ ಅನ್ನುತ್ತಾರೆ. 28ನೇ ದಿನದ ಹೊತ್ತಿಗೆ ಅದು ಪೂರ್ತಿ ಮುಚ್ಚಿಕೊಳ್ಳಬೇಕು. ಮೇಲಿನ ತುದಿ ಮುಚ್ಚದಿದ್ದರೆ ಮಗುವಿಗೆ ತಲೆಬುರುಡೆಯೂ ಮೆದುಳೂ ಸರಿಯಾಗಿ ಬೆಳೆಯುವುದಿಲ್ಲ. ಅಂಥ ಮಗು ಬದುಕುವುದಿಲ್ಲ. ಕೆಳಗೆ ಎಲ್ಲಾದರೂ ಮುಚ್ಚದೆ ಉಳಿದರೆ ಬೆನ್ನಿನಲ್ಲಿ ಗಂಟು, ಬಲವಿಲ್ಲದ ಕಾಲು, ಹಿಡಿತವಿಲ್ಲದ ಮೂತ್ರ, ತಲೆಯಲ್ಲಿ ನೀರು ತುಂಬಿಕೊಳ್ಳುವುದು. ವೈದ್ಯರು ಇದಕ್ಕೆ ಸ್ಪೈನಾ ಬೈಫಿಡಾ ಅನ್ನುತ್ತಾರೆ.

ಇಷ್ಟೆಲ್ಲ ನಡೆಯುವಾಗ ತಾಯಿಗೆ ತಾನು ಬಸುರಿ ಅನ್ನುವುದೇ ಇನ್ನೂ ಸರಿಯಾಗಿ ಗೊತ್ತಿರುವುದಿಲ್ಲ. ಮುಟ್ಟಿನ ದಿನ ತಪ್ಪುವ ಹೊತ್ತಿಗೆ ಆ 28 ದಿನಗಳಲ್ಲಿ ಸುಮಾರು 14 ಕಳೆದಿರುತ್ತವೆ. ಆಮೇಲೆ ಅವಳು ಒಂದು ವಾರ ಕಾಯುತ್ತಾಳೆ. ಗಂಡನಿಗೆ ಹೇಳುತ್ತಾಳೆ, ಅತ್ತೆಗೆ ಹೇಳಲು ಇನ್ನಷ್ಟು ದಿನ ಬೇಕು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಅನ್ನುವ ಮನೆಗಳು ಈಗಲೂ ಇವೆ. ಆಶಾ ಬಂದು ಮೂತ್ರ ಪರೀಕ್ಷೆ ಮಾಡಿಸಿ, ಹೆಸರು ನೋಂದಾಯಿಸಿ, ತಾಯಿ ಕಾರ್ಡ್ ಆಗುವಷ್ಟರಲ್ಲಿ ಎರಡು ತಿಂಗಳಾಗಿರುತ್ತದೆ, ಮೂರೂ ಆಗಿರುತ್ತದೆ. ಫೋಲಿಕ್ ಆಸಿಡ್ ಕೊಡುವುದು ಆಗ. ರಕ್ತಕ್ಕೆ ಅದರಿಂದ ಖಂಡಿತ ಪ್ರಯೋಜನವಿದೆ, ಆ ಮಾತ್ರೆ ನಿಲ್ಲಿಸಬಾರದು. ಆದರೆ ನರನಾಳ ಮುಚ್ಚುವುದೋ ಬಿಡುವುದೋ ಅದರ ತೀರ್ಮಾನ ಅಷ್ಟರಲ್ಲಿ ಆಗಿಹೋಗಿರುತ್ತದೆ.

ಇಂಥ ಮಗು ಹುಟ್ಟಿದ ಮನೆಯಲ್ಲಿ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ಗ್ರಹಣದ ದಿನ ಹೊರಗೆ ಬಂದಿದ್ದಳು ಅನ್ನುತ್ತಾರೆ. ಗ್ರಹಣದ ಹೊತ್ತಿನಲ್ಲಿ ಈಳಿಗೆಮಣೆ ಮುಟ್ಟಿದ್ದಳು ಅನ್ನುತ್ತಾರೆ. ಯಾವ ದೇವರ ಹರಕೆ ತಪ್ಪಿತು ಅಂತ ಹುಡುಕುತ್ತಾರೆ. ತಪ್ಪು ಕೊನೆಗೆ ಬಂದು ಕೂರುವುದು ಆ ಬಾಣಂತಿಯ ತಲೆಯ ಮೇಲೆ. ಅವಳ ರಕ್ತದಲ್ಲಿ ಒಂದು ವಿಟಮಿನ್ ಸಾಕಷ್ಟು ಇರಲಿಲ್ಲ, ಅದನ್ನು ಬೇಕಾದ ಹೊತ್ತಿಗೆ ಅವಳಿಗೆ ಕೊಡುವ ಏರ್ಪಾಡು ಯಾರೂ ಮಾಡಿರಲಿಲ್ಲ ಅಂತ ಆ ಮನೆಯಲ್ಲಿ ಹೇಳುವವರು ಯಾರು? ನಾನು ಹೇಳುತ್ತಿದ್ದೆ. ಎರಡನೇ ಬಸಿರಿಗೆ ಮುಂಚೆಯೇ ನನ್ನ ಹತ್ತಿರ ಬಾ ಅಂತಲೂ ಹೇಳುತ್ತಿದ್ದೆ. ಕೆಲವರು ಬರುತ್ತಿದ್ದರು.

ಫೋಲಿಕ್ ಆಸಿಡ್‌ಗೂ ಈ ದೋಷಕ್ಕೂ ಇರುವ ನಂಟು ಊಹೆಯ ಮಾತಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 7 ದೇಶಗಳ 33 ಕೇಂದ್ರಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಸಿತು. ಹಿಂದೆ ಒಮ್ಮೆ ಇಂಥ ಮಗುವನ್ನು ಹೆತ್ತಿದ್ದ 1,817 ಹೆಂಗಸರು ಅದರಲ್ಲಿ ಸೇರಿದ್ದರು. ಕೆಲವರಿಗೆ ಗರ್ಭ ಕಟ್ಟುವ ಮುಂಚಿನಿಂದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಒಟ್ಟು 27 ಮಕ್ಕಳಲ್ಲಿ ದೋಷ ಮರುಕಳಿಸಿತು. ಅವುಗಳಲ್ಲಿ 6 ಮಾತ್ರ ಫೋಲಿಕ್ ಆಸಿಡ್ ತೆಗೆದುಕೊಂಡ ತಾಯಂದಿರ ಮಕ್ಕಳು, 21 ತೆಗೆದುಕೊಳ್ಳದವರ ಮಕ್ಕಳು. ಶೇ 72ರಷ್ಟು ಕಡಿಮೆ. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ, ಇನ್ನು ಕೆಲವರಿಗೆ ಕೊಡದೆ ಇರುವುದು ಸರಿಯಲ್ಲ ಅಂತ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಇದು 1991ರ ಮಾತು. ಮರುವರ್ಷ ಹಂಗೇರಿಯಿಂದ ಬಂದ ಇನ್ನೊಂದು ಅಧ್ಯಯನ, ಮೊದಲ ಬಾರಿಗೆ ಈ ದೋಷ ಬರುವುದನ್ನೂ ಹೀಗೆ ತಡೆಯಬಹುದು ಅಂತ ತೋರಿಸಿತು.

ಎಲ್ಲ ಪ್ರಕರಣಗಳನ್ನೂ ತಡೆಯಲು ಆಗುವುದಿಲ್ಲ, ನಿಜ. ರಕ್ತಸಂಬಂಧದ ಮದುವೆ, ತಾಯಿಗೆ ಸಕ್ಕರೆ ಕಾಯಿಲೆ, ಫಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್ ಥರದ ಔಷಧಿ, ಇವೂ ಕಾರಣವಾಗುತ್ತವೆ. ಆದರೆ ತಡೆಯಬಹುದಾದವೇ ಜಾಸ್ತಿ.

ನಮ್ಮ ರಾಜ್ಯಕ್ಕೆ ಈ ವಿಷಯ ಹೊಸದೂ ಅಲ್ಲ. 1980ರ ದಶಕದಲ್ಲಿ ದಾವಣಗೆರೆಯ ಮಕ್ಕಳ ವೈದ್ಯರು ಅಲ್ಲಿನ ಆಸ್ಪತ್ರೆಗಳ ಹೆರಿಗೆಗಳನ್ನು ಎಣಿಸಿ ನೋಡಿದರು. ಸಾವಿರ ಹೆರಿಗೆಗೆ ಸುಮಾರು 11 ಮಕ್ಕಳಲ್ಲಿ ನರನಾಳದ ದೋಷ ಇತ್ತು. ಲಂಡನ್ನಿನ ವೈದ್ಯಕೀಯ ಪತ್ರಿಕೆಗಳಲ್ಲಿ ಆ ಲೆಕ್ಕ ಅಚ್ಚಾಯಿತು. ಇಡೀ ದೇಶದ ಅಧ್ಯಯನಗಳನ್ನು ಕೂಡಿಸಿ ನೋಡಿದವರು ಆಮೇಲೆ ಕೊಟ್ಟ ಅಂದಾಜು ಸಾವಿರಕ್ಕೆ 4ರ ಆಸುಪಾಸು. ಕೆನಡಾದಲ್ಲಿ 1998ರಿಂದ ಗೋಧಿ ಹಿಟ್ಟಿಗೆ ಫೋಲಿಕ್ ಆಸಿಡ್ ಸೇರಿಸುವುದು ಕಡ್ಡಾಯವಾಯಿತು. ಅಲ್ಲಿ ಅದಕ್ಕೆ ಮುಂಚೆ ಸಾವಿರಕ್ಕೆ 1.58 ಇದ್ದದ್ದು 0.86ಕ್ಕೆ ಇಳಿಯಿತು. ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಹೊರೆ ನಮ್ಮ ಮೇಲಿದೆ. ಅಂದರೆ ಅದೇ ಕೆಲಸದಿಂದ ನಮಗೆ ಸಿಗುವ ಪ್ರಯೋಜನವೂ ಅವರಿಗಿಂತ ದೊಡ್ಡದು.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಈ ವಿಟಮಿನ್ನಿನ ಕಥೆ ಶುರುವಾದದ್ದೇ ನಮ್ಮ ದೇಶದ ಬಡ ಬಸುರಿಯರಿಂದ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಬಟ್ಟೆ ಗಿರಣಿಯಲ್ಲಿ ದುಡಿಯುವ ಹೆಂಗಸರಿಗೆ ಬಸುರಿನಲ್ಲಿ ಒಂದು ವಿಚಿತ್ರ ರಕ್ತಹೀನತೆ ಬರುತ್ತಿತ್ತು. ರಕ್ತದ ಕೆಂಪು ಕಣಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ಯಾವುದೋ ಸೋಂಕು ಇರಬೇಕು ಅಂತ ಹುಡುಕಿದರು, ಸಿಗಲಿಲ್ಲ. ಅವರು ಏನು ತಿನ್ನುತ್ತಾರೆ ಅಂತ ವಿಲ್ಸ್ ನೋಡಿದರು. ಹಣ್ಣು, ತರಕಾರಿ, ಹಾಲು ಕಾಣದ ಊಟ. ಕೊನೆಗೆ ಯೀಸ್ಟ್‌ನಿಂದ ಮಾಡುವ ಮಾರ್ಮೈಟ್ ಎಂಬ ಅಗ್ಗದ ಪದಾರ್ಥ ಕೊಟ್ಟಾಗ ಆ ಹೆಂಗಸರು ಗುಣವಾದರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಯೀಸ್ಟ್‌ನಲ್ಲಿ ಇದ್ದದ್ದು ಫೋಲೇಟ್, ಅಂದರೆ ಫೋಲಿಕ್ ಆಸಿಡ್ಡಿನ ಸಹಜ ರೂಪ, ಅಂತ ಗೊತ್ತಾದದ್ದು ಆಮೇಲೆ. ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡ 1940ರ ದಶಕದಲ್ಲಿ ಅದನ್ನು ಕೃತಕವಾಗಿ ತಯಾರಿಸಿತು.

ಬೊಂಬಾಯಿ ಗಿರಣಿಯ ಹೆಂಗಸರ ರಕ್ತದಿಂದ ತಿಳಿದದ್ದು, ನಮ್ಮ ಪಕ್ಕದ ರಾಜ್ಯದವರು ತಯಾರಿಸಿದ್ದು. 1998ರಲ್ಲೇ ಅಮೆರಿಕದ ಬ್ರೆಡ್ಡಿಗೆ ಅದು ಸೇರಿತು. ಹಾನಗಲ್ಲಿನ, ಹರಪನಹಳ್ಳಿಯ ಹೊಸ ಸೊಸೆಯ ತಟ್ಟೆಗೆ ಇನ್ನೂ ಬಂದಿಲ್ಲ.

ನಮ್ಮ ಯೋಜನೆಗಳು ಎಲ್ಲಿ ಅವಳ ಕೈ ಬಿಡುತ್ತವೆ ಅಂತ ಹೇಳುತ್ತೇನೆ. ಹುಡುಗಿ ಶಾಲೆಯಲ್ಲಿ ಇರುವಾಗ ವಾರಕ್ಕೊಂದು ಕಬ್ಬಿಣ ಮತ್ತು ಫೋಲಿಕ್ ಆಸಿಡ್ಡಿನ ನೀಲಿ ಮಾತ್ರೆ ಸಿಗುತ್ತದೆ. ಕ್ಷೀರಭಾಗ್ಯದ ಹಾಲು 2013ರಿಂದ ಇದೆ. ಈಗ ಮೊಟ್ಟೆಯೂ ಇದೆ. ಗರ್ಭಿಣಿಯಾದ ಮೇಲೆ ಕೆಂಪು ಮಾತ್ರೆ ಇದೆ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟ ಇದೆ. ಈ ಎರಡರ ನಡುವೆ ಒಂದು ಬಯಲು. ಓದು ಬಿಟ್ಟ ದಿನದಿಂದ ಗರ್ಭಿಣಿ ಅಂತ ನೋಂದಾಯಿಸುವ ದಿನದವರೆಗೆ ಅವಳನ್ನು ಕೇಳುವವರು ಯಾರೂ ಇಲ್ಲ. ಫೋಲಿಕ್ ಆಸಿಡ್ ಅತ್ಯಗತ್ಯವಾಗಿ ಬೇಕಾದದ್ದು ಸರಿಯಾಗಿ ಅದೇ ಬಯಲಿನಲ್ಲಿ.

2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ 20ರಿಂದ 49 ವರ್ಷದ, ಗರ್ಭಿಣಿಯರಲ್ಲದ ಹೆಂಗಸರಿಗೂ ವಾರಕ್ಕೊಂದು ಮಾತ್ರೆ ಅಂತ ಬರೆದಿದೆ. ಕಾಗದದಲ್ಲಿ ಸರಿ. ಹಳ್ಳಿಯಲ್ಲಿ ಆರೋಗ್ಯವಾಗಿ ಓಡಾಡುವ ಹೆಂಗಸಿಗೆ ಮಾತ್ರೆ ಕೊಡಲು ಹೋದರೆ "ನನಗೇನಾಗಿದೆ ಅಂತ ಗುಳಿಗೆ ನುಂಗಲಿ?" ಅಂತ ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಕೊಡುವಷ್ಟು ಹೊತ್ತು ಆಶಾಗೆ ಇರುವುದಿಲ್ಲ.

ಇನ್ನೂ ಮುಖ್ಯವಾದದ್ದು ಆ ಮಾತ್ರೆಯೊಳಗಿನ ಪ್ರಮಾಣ. ನಮ್ಮ ವಾರದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಗರ್ಭ ಧರಿಸುವ ಮುಂಚೆ ಹೆಂಗಸಿಗೆ ಬೇಕಾದದ್ದು ದಿನಕ್ಕೆ 400 ಮೈಕ್ರೋಗ್ರಾಂ. ವಾರಕ್ಕೆ ಲೆಕ್ಕ ಹಾಕಿದರೆ 2,800. ವಿಶ್ವ ಆರೋಗ್ಯ ಸಂಸ್ಥೆ ವಾರದ ಮಾತ್ರೆಗೆ ಹೇಳಿರುವುದೂ ಇದೇ 2,800. ನಾವು ಕೊಡುತ್ತಿರುವುದು ಅದರ ಐದನೇ ಒಂದು ಭಾಗಕ್ಕಿಂತ ಕಡಿಮೆ. ಅದೇ ಮಾತ್ರೆ, ಅದೇ ಹಂಚಿಕೆ, ಅದೇ ಆಶಾ. ಒಳಗಿನ ಫೋಲಿಕ್ ಆಸಿಡ್ ಮಾತ್ರ ಜಾಸ್ತಿ ಆಗಬೇಕು. ಇದಕ್ಕೆ ಹೊಸ ಯೋಜನೆ ಬೇಕಾಗಿಲ್ಲ, ಔಷಧಿ ಖರೀದಿಯ ಆದೇಶದಲ್ಲಿ ಒಂದು ಅಂಕಿ ಬದಲಾಯಿಸಿದರೆ ಸಾಕು. ಕೇಂದ್ರದ ಮಾರ್ಗಸೂಚಿ ಅಡ್ಡ ಬಂದರೆ ದಯವಿಟ್ಟು ಕೇಂದ್ರದ ಜೊತೆ ಮಾತಾಡಿ.

"ಮಾತ್ರೆ ಯಾಕೆ, ಸೊಪ್ಪು ತಿನ್ನಲಿ" ಅನ್ನುವವರಿದ್ದಾರೆ. ನನಗೆ ಸೊಪ್ಪಿನ ಮೇಲೆ ಪ್ರೀತಿ ಇದೆ. ನಮ್ಮ ಕಡೆ ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯೆ, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲು ತಿನ್ನುತ್ತೇವೆ. ಬೇಯಿಸಿದರೆ ಫೋಲೇಟ್‌ನಲ್ಲಿ ಒಂದಷ್ಟು ಹಾಳಾಗುತ್ತದೆ, ಒಂದಷ್ಟು ನೀರಿಗೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಹಸಿ ತಪ್ಪಲು ತಿನ್ನುವ ನಮ್ಮ ಹಿರಿಯರ ರೂಢಿ ಬಹಳ ಒಳ್ಳೆಯದು. ಹಳೇ ಮೈಸೂರು ಕಡೆಯ ಬಸ್ಸಾರೂ ಅಷ್ಟೇ ಒಳ್ಳೆಯದು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಅದರಲ್ಲೇ ಸಾರು ಮಾಡುತ್ತಾರಲ್ಲ, ಆ ನೀರಿಗೆ ಬಿಟ್ಟುಕೊಂಡ ಫೋಲೇಟ್ ಹೊಟ್ಟೆಗೇ ಸೇರುತ್ತದೆ. ಹೆಸರುಕಾಳು, ಕಡಲೆ, ಅಲಸಂದೆ ಇವುಗಳಲ್ಲೂ ಬೇಕಾದಷ್ಟು ಇದೆ. ಇದನ್ನೆಲ್ಲ ಅಂಗನವಾಡಿಯಲ್ಲಿ ಹೇಳಿಕೊಡಬೇಕು.

ಆದರೆ ಸೊಪ್ಪೊಂದನ್ನೇ ನಂಬಿ ಕೂರಲು ಆಗುವುದಿಲ್ಲ. ಊಟದಲ್ಲಿರುವ ಫೋಲೇಟ್ ಮಾತ್ರೆಯಲ್ಲಿರುವುದರಷ್ಟು ಚೆನ್ನಾಗಿ ಮೈಗೆ ಹತ್ತುವುದಿಲ್ಲ. 1996ರಲ್ಲಿ ಉತ್ತರ ಐರ್ಲೆಂಡಿನ ಸಂಶೋಧಕರು ಹೆಂಗಸರ ಗುಂಪುಗಳನ್ನು ಹೋಲಿಸಿ ನೋಡಿದರು. ಮಾತ್ರೆ ನುಂಗಿದವರಲ್ಲೂ ಫೋಲಿಕ್ ಆಸಿಡ್ ಬೆರೆಸಿದ ಆಹಾರ ತಿಂದವರಲ್ಲೂ ರಕ್ತಕಣದ ಫೋಲೇಟ್ ಏರಿತು. ಸೊಪ್ಪು ತರಕಾರಿಯಿಂದಲೇ ಅಷ್ಟು ಪಡೆಯಲು ಹೋದವರಲ್ಲಿ ಹೇಳಿಕೊಳ್ಳುವಷ್ಟು ಏರಲಿಲ್ಲ. ಅದೂ ಅಲ್ಲದೆ, ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಕೊನೆಗೆ ಕೂರುವ ಸೊಸೆಯ ಪಾಲಿಗೆ ಎಷ್ಟು ಪಲ್ಯ ಉಳಿದಿರುತ್ತದೆ ಅಂತ ನನಗೆ ಗೊತ್ತು. ಬೇಸಿಗೆಯಲ್ಲಿ ಬೋರ್‌ವೆಲ್ ಇಲ್ಲದ ಊರಿಗೆ ಸೊಪ್ಪು ಎಲ್ಲಿಂದ ಬರಬೇಕು?

ಅಕ್ಕಿಯ ವಿಷಯಕ್ಕೆ ಬರುತ್ತೇನೆ. 2021ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ಸಾರವರ್ಧಿತ ಅಕ್ಕಿಯ, ಅಂದರೆ ಪೋಷಕಾಂಶ ಸೇರಿಸಿದ ಅಕ್ಕಿಯ, ಘೋಷಣೆ ಮಾಡಿದರು. ಆಮೇಲೆ ಪಡಿತರದಲ್ಲೂ ಅದು ಬಂತು. ಅದರಲ್ಲಿ ಫೋಲಿಕ್ ಆಸಿಡ್ ಇದೆಯಲ್ಲ, ಇನ್ನೇನು ಬೇಕು ಅಂತ ಅಧಿಕಾರಿಗಳು ತಮಗೆ ಹೇಳಬಹುದು. ಲೆಕ್ಕ ಹಾಕಿ ನೋಡಿ. ನಿಗದಿಯಾದ ಪ್ರಮಾಣ ಒಂದು ಕಿಲೋ ಅಕ್ಕಿಗೆ 75ರಿಂದ 125 ಮೈಕ್ರೋಗ್ರಾಂ. ತಿಂಗಳಿಗೆ ತಲೆಗೆ 5 ಕಿಲೋ ಅಕ್ಕಿ ಅಂದರೆ ದಿನಕ್ಕೆ ಸಿಗುವುದು 12ರಿಂದ 21 ಮೈಕ್ರೋಗ್ರಾಂ. ಬೇಕಾದದ್ದು 400. ಅಕ್ಕಿ ಚೆನ್ನಾಗಿ ತೊಳೆದು, ಗಂಜಿ ಬಸಿಯುವ ಮನೆಗಳಲ್ಲಿ ಎಷ್ಟು ಉಳಿಯುತ್ತದೋ ಅದು ಬೇರೆ. ಸಾರವರ್ಧಿತ ಅಕ್ಕಿ ಬೇಕೋ ಬೇಡವೋ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ನರನಾಳದ ದೋಷ ತಡೆಯಲು ಅದು ಸಾಲದು, ಅಷ್ಟು ಮಾತ್ರ ಹೇಳುತ್ತೇನೆ.

ಗೋಧಿ ಹಿಟ್ಟೂ ನಮ್ಮಲ್ಲಿ ನಡೆಯುವುದಿಲ್ಲ. ಅಮೆರಿಕದಲ್ಲೇ ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ ತಿನ್ನುವ ಸ್ಪ್ಯಾನಿಷ್ ಮಾತಿನ ಕುಟುಂಬಗಳಿಗೆ ಗೋಧಿ ಹಿಟ್ಟಿನ ಫೋಲಿಕ್ ಆಸಿಡ್ ಸರಿಯಾಗಿ ತಲುಪಲಿಲ್ಲ. ಅವರ ಹಿಟ್ಟಿಗೂ ಸೇರಿಸಬಹುದು ಅಂತ ಅನುಮತಿ ಸಿಕ್ಕಿದ್ದು 2016ರಲ್ಲಿ. ನಮ್ಮ ಕಡೆ ಜೋಳ, ದಕ್ಷಿಣದಲ್ಲಿ ರಾಗಿ, ಕರಾವಳಿಯಲ್ಲಿ ಕುಚ್ಚಲಕ್ಕಿ. ಜೋಳ, ರಾಗಿಯನ್ನು ಡಬ್ಬಿಯಲ್ಲಿ ಒಯ್ದು ಊರಿನ ಗಿರಣಿಯಲ್ಲೇ ಬೀಸಿಸುತ್ತೇವೆ. ಊರೂರಿನ ಹಿಟ್ಟಿನ ಗಿರಣಿಯಲ್ಲಿ ವಿಟಮಿನ್ ಬೆರೆಸಿ ಅಂತ ಹೇಳಲು ಸಾಧ್ಯವೇ?

ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರ ಮನೆಗೂ ಅಂಗಡಿಯಿಂದಲೇ ಬರುವುದು, ಬಡವರೂ ಶ್ರೀಮಂತರೂ ದಿನಾ ತಿನ್ನುವುದು ಉಪ್ಪು. ಉಪ್ಪಿನ ದಾರಿ ನಮ್ಮ ದೇಶಕ್ಕೆ ಹೊಸದಲ್ಲ. 1956ರಲ್ಲಿ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ವೈದ್ಯ ವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪಿನ ಪ್ರಯೋಗ ಶುರು ಮಾಡಿದರು. ಗಂಟಲಗಂಟು ಇಳಿಯಿತು. 1962ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಇವತ್ತು ಅಂಗಡಿಯಲ್ಲಿ ಅಯೋಡಿನ್ ಉಪ್ಪು ಅಂತ ಯಾರೂ ಬೇರೆಯಾಗಿ ಕೇಳುವುದಿಲ್ಲ, ಉಪ್ಪು ಅಂದರೆ ಅದೇ.

ಅದೇ ಉಪ್ಪಿಗೆ ಫೋಲಿಕ್ ಆಸಿಡ್ ಸೇರಿಸಿ ನೋಡಿದ ಅಧ್ಯಯನ ದಕ್ಷಿಣ ಭಾರತದಲ್ಲೇ ಆಗಿದೆ. ನಾಲ್ಕು ಹಳ್ಳಿಗಳ 83 ಹೆಂಗಸರು ನಾಲ್ಕು ತಿಂಗಳು ಆ ಉಪ್ಪು ಬಳಸಿದರು. ಅವರ ರಕ್ತದ ಫೋಲೇಟ್ ಮೂರೂವರೆ ಪಟ್ಟಿಗಿಂತ ಹೆಚ್ಚಾಯಿತು. 2024ರಲ್ಲಿ ಇದು ಪ್ರಕಟವಾಗಿದೆ. ಚಿಕ್ಕ ಅಧ್ಯಯನ, ಒಪ್ಪುತ್ತೇನೆ. ಅದಕ್ಕಾಗಿಯೇ ನಮ್ಮ ರಾಜ್ಯ ದೊಡ್ಡದೊಂದನ್ನು ಕೈಗೆತ್ತಿಕೊಳ್ಳಲಿ. ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಇದೆ. ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಇದೆ. ನಮ್ಮ ಬಿಸಿಲಿಗೆ, ನಮ್ಮ ಮಳೆಗಾಲದ ತೇವಕ್ಕೆ ಆ ಉಪ್ಪು ಎಷ್ಟು ತಿಂಗಳು ತಾಳುತ್ತದೆ, ಹುಳಿ ಹಾಕಿದ ಸಾರಿನಲ್ಲಿ ಕುದಿದ ಮೇಲೆ ಎಷ್ಟು ಉಳಿಯುತ್ತದೆ, ಉಪ್ಪಿನಕಾಯಿಯ ಬಣ್ಣ ಕೆಡುತ್ತದೆಯೇ, ಇವನ್ನೆಲ್ಲ ನೋಡಿ ಹೇಳುವಷ್ಟು ವಿದ್ಯೆ ನಮ್ಮ ರಾಜ್ಯದೊಳಗೇ ಇದೆ. ಫೋಲಿಕ್ ಆಸಿಡ್ ಸೇರಿದರೆ ಉಪ್ಪಿಗೆ ಸ್ವಲ್ಪ ಹಳದಿ ಛಾಯೆ ಬರುತ್ತದೆ. ಮೊದಲೇ ಹೇಳದೆ ಕೊಟ್ಟರೆ ಜನ ಸುಮ್ಮನೆ ಇರುವುದಿಲ್ಲ. ಸಾರವರ್ಧಿತ ಅಕ್ಕಿ ಬಂದಾಗ "ಪ್ಲಾಸ್ಟಿಕ್ ಅಕ್ಕಿ" ಅಂತ ಎಷ್ಟು ಊರುಗಳಲ್ಲಿ ಗದ್ದಲವಾಯಿತು ಅಂತ ತಮಗೂ ಗೊತ್ತಿದೆ. ಕಾಳು ಆರಿಸಿ ಬಿಸಾಡಿದವರೂ ಇದ್ದರು. ಯಾಕೆ, ಏನು ಅಂತ ಮೊದಲು ಕನ್ನಡದಲ್ಲಿ ಬಿಡಿಸಿ ಹೇಳಿ, ಆಮೇಲೆ ಕೊಡಿ. ಬಿಪಿ ಇರುವವರು ಉಪ್ಪು ಕಡಿಮೆ ಮಾಡಬೇಕು ಅನ್ನುವುದಕ್ಕೂ ಇದಕ್ಕೂ ಜಗಳವಿಲ್ಲ. ಈಗ ತಿನ್ನುವಷ್ಟು ಉಪ್ಪಿನಲ್ಲೇ, ಬೇಕಾದರೆ ಅದಕ್ಕಿಂತ ಕಡಿಮೆ ಉಪ್ಪಿನಲ್ಲೇ, ಬೇಕಾದಷ್ಟು ಫೋಲಿಕ್ ಆಸಿಡ್ ಇರುವ ಹಾಗೆ ಪ್ರಮಾಣ ಇಡಬಹುದು.

ಇಲ್ಲಿ ಬಿ12 ಎಂಬ ಇನ್ನೊಂದು ವಿಟಮಿನ್ ಅನ್ನು ಮರೆಯಬಾರದು. ಇದನ್ನು ಒತ್ತಿ ಹೇಳುತ್ತೇನೆ. ಫೋಲೇಟ್ ಮತ್ತು ಬಿ12 ದೇಹದಲ್ಲಿ ಜೋಡಿಯಾಗಿ ಕೆಲಸ ಮಾಡುತ್ತವೆ. ತಾಯಿಗೆ ಬಿ12 ಕಡಿಮೆ ಇದ್ದರೂ ನರನಾಳದ ದೋಷದ ಅಪಾಯ ಹೆಚ್ಚು. ಬಿ12 ಕೊರತೆ ಇರುವವರಿಗೆ ಫೋಲಿಕ್ ಆಸಿಡ್ ಒಂದನ್ನೇ ಜಾಸ್ತಿ ಕೊಟ್ಟರೆ ರಕ್ತಹೀನತೆ ಸರಿಹೋದಂತೆ ಕಾಣಬಹುದು, ಒಳಗೆ ನರಗಳಿಗೆ ಆಗುವ ಹಾನಿ ಮುಂದುವರಿಯಬಹುದು. ಬಿ12 ಸೊಪ್ಪಿನಲ್ಲಿ ಇಲ್ಲ, ಕಾಳಿನಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಇರುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಗರ್ಭಿಣಿಯರ ಮೇಲೆ ನಡೆದ ಅಧ್ಯಯನದಲ್ಲಿ ಶೇ 43ರಷ್ಟು ಮಂದಿಗೆ ಬಿ12 ಕಡಿಮೆ ಇತ್ತು. ಅವರಲ್ಲಿ ಫೋಲೇಟ್ ಕೊರತೆ ಇದ್ದವರು ಬಹಳ ಕಡಿಮೆ. 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಸಮಗ್ರ ಪೌಷ್ಟಿಕತೆ ಸಮೀಕ್ಷೆ ಇಡೀ ದೇಶದ ಮಕ್ಕಳ ರಕ್ತ ಪರೀಕ್ಷೆ ಮಾಡಿತು. 10ರಿಂದ 19 ವರ್ಷದವರಲ್ಲಿ ಶೇ 37 ಮಂದಿಗೆ ಫೋಲೇಟ್ ಕೊರತೆ, ಶೇ 31 ಮಂದಿಗೆ ಬಿ12 ಕೊರತೆ. ಈ ಹುಡುಗಿಯರೇ ಅಲ್ವಾ ಇವತ್ತು ಮದುವೆಯಾಗಿ ತಾಯಂದಿರಾಗುತ್ತಿರುವುದು?

ಒಂದು ಊರಿನ ಕೊರತೆ ಇನ್ನೊಂದು ಊರಿನದಲ್ಲ. ಮೈಸೂರಿನ ಲೆಕ್ಕ ಹಿಡಿದು ರಾಯಚೂರಿಗೆ ನಿಯಮ ಮಾಡಲಾಗದು. ಹಿಮೋಗ್ಲೋಬಿನ್ ಒಂದನ್ನೇ ನೋಡಿ ಕಬ್ಬಿಣ ಕೊಡುತ್ತಾ ಹೋದರೆ ಸಾಲದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇ 47.8 ಹೆಂಗಸರಿಗೆ ರಕ್ತಹೀನತೆ ಇತ್ತು. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ 44.8 ಇತ್ತು. ಇಷ್ಟು ವರ್ಷ ಮಾತ್ರೆ ಹಂಚಿದ ಮೇಲೂ ಏರಿದೆ. ಕಾರಣಗಳು ಹಲವು ಇರಬಹುದು. ಆದರೆ ರಕ್ತದಲ್ಲಿ ಏನು ಕಡಿಮೆ ಇದೆ ಅಂತ ನೋಡದೆ ಕೊಡುವ ಮಾತ್ರೆ ಕತ್ತಲಲ್ಲಿ ಕೊಟ್ಟ ಮಾತ್ರೆಯೇ. ಮಕ್ಕಳಾಗುವ ವಯಸ್ಸಿನ ಹೆಂಗಸರ ಕೆಂಪು ರಕ್ತಕಣದ ಫೋಲೇಟ್ ಲೀಟರಿಗೆ 906 ನ್ಯಾನೋಮೋಲ್‌ಗಿಂತ ಮೇಲಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಪ್ರತಿ ಜಿಲ್ಲೆಯಲ್ಲಿ ಕೆಲವು ನೂರು ಹೆಂಗಸರ ರಕ್ತದಲ್ಲಿ ಇದನ್ನೂ ಬಿ12 ಅನ್ನೂ ಒಮ್ಮೆ ಅಳೆಸಿ. ಉಪ್ಪಿಗೆ ಬಿ12 ಕೂಡ ಸೇರಿಸಬೇಕೇ, ಎಷ್ಟು ಸೇರಿಸಬೇಕು ಅನ್ನುವುದಕ್ಕೆ ಉತ್ತರ ಅಲ್ಲಿಂದಲೇ ಬರುತ್ತದೆ.

ಉಪ್ಪು ಬರಲು ವರ್ಷಗಳಾಗುತ್ತವೆ. ಬ್ರಿಟನ್ನಿನವರು 1991ರಲ್ಲಿ ತಾವೇ ಕಂಡುಕೊಂಡದ್ದಕ್ಕೆ ಹಿಟ್ಟಿನ ಕಾನೂನು ಮಾಡಿದ್ದು 2024ರಲ್ಲಿ. ನಾವು ಅಷ್ಟು ಕಾಯುವುದು ಬೇಡ. ಉಪ್ಪು ಬರುವವರೆಗೆ ಆಶಾಗಳಿದ್ದಾರೆ. ಊರಿನಲ್ಲಿ ಯಾರ ಮನೆಗೆ ಹೊಸ ಸೊಸೆ ಬಂದಳು ಅಂತ ಆಶಾಗೆ ಮೊದಲ ದಿನವೇ ಗೊತ್ತಿರುತ್ತದೆ. ಅರ್ಹ ದಂಪತಿಗಳ ರಿಜಿಸ್ಟರಿನಲ್ಲಿ ಹೆಸರು ಬರೆಯುವುದೂ ಅವಳೇ. ಆ ದಿನವೇ ಮೂರು ತಿಂಗಳಿಗಾಗುವಷ್ಟು ದಿನದ 400 ಮೈಕ್ರೋಗ್ರಾಂ ಮಾತ್ರೆಯನ್ನು ಹುಡುಗಿಯ ಕೈಗೆ ಕೊಡಲಿ. ಮುಗಿದಾಗ ಮತ್ತೆ ಕೊಡಲಿ. ಮಗು ಈಗಲೇ ಬೇಡ ಅನ್ನುವವರಿಗೆ ಗರ್ಭನಿರೋಧಕದ ಮಾತು, ಬೇಕು ಅನ್ನುವವರಿಗೆ ಈ ಮಾತ್ರೆ. ಎರಡೂ ಒಂದೇ ಭೇಟಿಯಲ್ಲಿ ಆಗುವ ಕೆಲಸ. ಇದಕ್ಕೆ ಆಶಾಗೆ ಬೇರೆ ಪ್ರೋತ್ಸಾಹಧನ ಕೊಡಬೇಕು. ಸುಮ್ನೆ ಇನ್ನೊಂದು ಕೆಲಸ ಹೊರಿಸಬೇಡಿ, ಅವರ ಹೊರೆ ಈಗಾಗಲೇ ಜಾಸ್ತಿ ಇದೆ.

ಮತ್ತೆ, ಒಮ್ಮೆ ಇಂಥ ಮಗು ಆದ ತಾಯಿ. ಅವಳಿಗೆ ಮುಂದಿನ ಬಸುರಿಗೆ ಅಪಾಯ ನೂರಕ್ಕೆ ಮೂರರ ಆಸುಪಾಸು, ಬೇರೆಯವರಿಗಿಂತ ಎಷ್ಟೋ ಜಾಸ್ತಿ. ಅವಳಿಗೆ ಬೇಕಾದದ್ದು ಹೆಚ್ಚಿನ ಪ್ರಮಾಣದ, ಅಂದರೆ ನಮ್ಮಲ್ಲಿ ಸಿಗುವ 5 ಮಿಲಿಗ್ರಾಂ ಮಾತ್ರೆ. ಅದೂ ಗರ್ಭ ಕಟ್ಟುವ ಮುಂಚಿನಿಂದ, ವೈದ್ಯರ ಸಲಹೆಯಂತೆ. ನಾನು ಕೆಲಸದಲ್ಲಿದ್ದಾಗ, ದೊಡ್ಡ ಆಸ್ಪತ್ರೆಯಿಂದ ಮಗುವನ್ನು ಕಳೆದುಕೊಂಡು ಬಂದ ಒಬ್ಬ ತಾಯಿಯ ಡಿಸ್ಚಾರ್ಜ್ ಚೀಟಿ ಓದಿದ್ದೆ. ಏನಾಯಿತು ಅಂತ ಬರೆದಿತ್ತು. ಮುಂದೆ ಏನು ಮಾಡಬೇಕು ಅಂತ ಒಂದು ಸಾಲೂ ಇರಲಿಲ್ಲ. ಆ ಒಂದು ಸಾಲು ಕಡ್ಡಾಯ ಮಾಡಿ. ಹೆರಿಗೆ ನಡೆಯುವ ಪ್ರತಿ ಆಸ್ಪತ್ರೆ, ಸ್ಕ್ಯಾನಿಂಗ್‌ನಲ್ಲಿ ದೋಷ ಕಂಡು ಗರ್ಭಪಾತ ಮಾಡಿಸುವ ಪ್ರತಿ ಆಸ್ಪತ್ರೆ, ಸರ್ಕಾರಿಯೋ ಖಾಸಗಿಯೋ, ಆ ಸಾಲನ್ನು ಬರೆಯಲೇಬೇಕು, ಆ ತಾಯಿಯ ಊರಿನ ಉಪಕೇಂದ್ರಕ್ಕೆ ತಿಳಿಸಲೇಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಗುರುತಿಸಬೇಕಾದ ದೋಷಗಳ ಪಟ್ಟಿಯಲ್ಲಿ ಮೊದಲನೆಯದೇ ನರನಾಳದ ದೋಷ. ಹುಟ್ಟಿದ ಮಕ್ಕಳ ಜೊತೆಗೆ ಸತ್ತು ಹುಟ್ಟಿದವರನ್ನೂ ಗರ್ಭಪಾತವಾದವರನ್ನೂ ಸೇರಿಸಿ, ಹೆಸರು ಬಿಟ್ಟು, ಜಿಲ್ಲಾವಾರು ಸಂಖ್ಯೆಯನ್ನು ಪ್ರತಿ ವರ್ಷ ಪ್ರಕಟಿಸಿ. ಆಗ ಯಾವ ತಾಲ್ಲೂಕಿಗೆ ಮೊದಲು ಹೋಗಬೇಕು ಅಂತ ತಮಗೇ ಗೊತ್ತಾಗುತ್ತದೆ.

ಈ ದೋಷದೊಂದಿಗೆ ಬದುಕುತ್ತಿರುವ ಮಕ್ಕಳ ಬಗ್ಗೆಯೂ ಒಂದು ಮಾತು. ತಡೆಯುವ ಮಾತಾಡುವಾಗ ಅವರನ್ನು ಬೇಡದವರಂತೆ ಯಾರೂ ನೋಡಬಾರದು. ಬೆನ್ನಿನ ಆಪರೇಷನ್, ತಲೆಯ ನೀರು ಇಳಿಸಲು ಶಂಟ್ ಎಂಬ ಕೊಳವೆ, ದಿನಕ್ಕೆ ಹಲವು ಸಲ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯುವುದು, ಕಾಲಿಗೆ ಆಸರೆಯಾಗಿ ಕ್ಯಾಲಿಪರ್. ಕ್ಯಾಥೆಟರ್ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ, ತಪ್ಪದೆ ಸಿಗಬೇಕು. ಶಾಲೆಯಲ್ಲಿ ಅವರಿಗೆ ಬಾಗಿಲಿರುವ, ನೀರಿರುವ ಶೌಚಾಲಯ ಬೇಕು. ಓದಿನಲ್ಲಿ ಚುರುಕಾಗಿದ್ದರೂ ಶೌಚಾಲಯ ಸರಿಯಿಲ್ಲ ಅಂತ ಶಾಲೆ ಬಿಟ್ಟ ಮಗುವನ್ನು ನಾನು ಬಲ್ಲೆ.

2023ರ ಮೇ ತಿಂಗಳಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಮ್ಮೇಳನ, ಸ್ಪೈನಾ ಬೈಫಿಡಾದಂಥ ದೋಷ ತಡೆಯಲು ಆಹಾರಕ್ಕೆ ಪೋಷಕಾಂಶ ಸೇರಿಸುವ ಕೆಲಸ ಚುರುಕಾಗಬೇಕು ಅಂತ ನಿರ್ಣಯ ಮಾಡಿತು. ನಮ್ಮ ದೇಶವೂ ಆ ಸಂಸ್ಥೆಯ ಸದಸ್ಯ. ಯಾವುದಾದರೂ ಒಂದು ರಾಜ್ಯ ಮೊದಲು ಹೆಜ್ಜೆ ಇಡಬೇಕು. ಆ ರಾಜ್ಯ ನಮ್ಮದಾಗಲಿ ಅನ್ನುವುದು ನನ್ನ ಆಸೆ.

ಮುಂದಿನ ಬಜೆಟ್ ಸಿದ್ಧತೆಯ ಹೊತ್ತಿಗೆ ತಾವಿಬ್ಬರೂ ಎರಡೂ ಇಲಾಖೆಗಳ ಅಧಿಕಾರಿಗಳನ್ನು, ಮಕ್ಕಳ ವೈದ್ಯರನ್ನು, ಆಹಾರ ವಿಜ್ಞಾನಿಗಳನ್ನು, ಕೆಲವು ಆಶಾಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ ಅಂತ ಕೇಳಿಕೊಳ್ಳುತ್ತೇನೆ. ಉಪ್ಪಿನ ತೀರ್ಮಾನಕ್ಕೆ ಸಮಯ ತೆಗೆದುಕೊಳ್ಳಿ. ಹೊಸದಾಗಿ ಮದುವೆಯಾದವರಿಗೆ ಮಾತ್ರೆ ಕೊಡುವ ಆದೇಶವನ್ನು ಮಾತ್ರ ಬರುವ ವೈಶಾಖದ ಮದುವೆಗಳಿಗೆ ಮುಂಚೆಯೇ ಹೊರಡಿಸಿ. ಹಾವೇರಿ, ದಾವಣಗೆರೆ ಎರಡು ಜಿಲ್ಲೆಗಳಲ್ಲಿ ಮೊದಲು ಶುರು ಮಾಡಿದರೂ ಸಾಕು. ಆಶಾಗಳ ತರಬೇತಿಗೆ ಕರೆದರೆ ನಾನು ನನ್ನ ಖರ್ಚಿನಲ್ಲೇ ಬರುತ್ತೇನೆ. ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಇನ್ನೂ ಕೆಲವು ಸಿಸ್ಟರ್‌ಗಳು ಬರಲು ಒಪ್ಪಿದ್ದಾರೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ,
ಒಬ್ಬ ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ
ಹಾವೇರಿ ಜಿಲ್ಲೆ